ಉಕ್ಕಿನ ಟೋಪಿಯ ತೂತು

ಏಪ್ರಿಲ್ 9, 1996

ಬೆಳಿಗ್ಗೆಯಿಂದ ಗಾಜು ಒರೆಸಿದ್ದೇ ಒರೆಸಿದ್ದು. ಶನಿವಾರ ಮ್ಯೂಸಿಯಂ ಬಾಗಿಲು ತೆರೆಯಬೇಕು. ಟಿಕೆಟ್ ಹರಿಯುವವಳೂ ನಾನೇ, ನೆಲ ಒರೆಸುವವಳೂ ನಾನೇ, ಕೆಸರು ಬೂಟಿನಲ್ಲಿ ಒಳಗೆ ನುಗ್ಗುವವರನ್ನು ಗದರುವವಳೂ ನಾನೇ.

ಗೊರಾಜ್ದ್ ಈ ಸಲ ಎಲ್ಲ ಬದಲಾಯಿಸಿಬಿಟ್ಟಿದ್ದಾನೆ. ನಮ್ಮ ಡೈರೆಕ್ಟರು. ನನಗಿಂತ ಚಿಕ್ಕವನು, ಲುಬ್ಲಿಯಾನಾದಲ್ಲಿ ಓದಿ ಬಂದವನು. ಎದುರಿಗೆ ಬಹುವಚನ, ಈ ಡೈರಿಯಲ್ಲಿ ಏಕವಚನ. ಹೋದ ವರ್ಷದ ತನಕ ಮೊದಲ ಮಹಾಯುದ್ಧದ ಸೈನಿಕರ ಉಕ್ಕಿನ ಟೋಪಿಗಳು ಸಂತೆಯ ಮಡಕೆಗಳ ಹಾಗೆ ಸಾಲಾಗಿ ಕೂತಿದ್ದವು — ಇಟಲಿಯವರದ್ದು ಎಡಕ್ಕೆ, ಆಸ್ಟ್ರಿಯಾ-ಹಂಗೇರಿಯವರದ್ದು ಬಲಕ್ಕೆ. ಈಗ ಅವೆಲ್ಲ ಅಟ್ಟಕ್ಕೆ. ಉಳಿದದ್ದು ಒಂದೇ ಒಂದು. ಕೋಣೆಯ ನಡುವೆ ಕಪ್ಪು ಬಟ್ಟೆ ಹಾಸಿದ ಶೋಕೇಸು, ಟೋಪಿಯ ಹಿಂದೆ ಒಂದು ಲೈಟು. ಹಣೆಯ ಹತ್ತಿರ ತೂತು ಇದೆಯಲ್ಲ, ಅದರಿಂದ ಬೆಳಕು ತೂರಿ ಬಂದು ನೋಡುವವರ ಎದೆಯ ಮೇಲೆ ಬೀಳುತ್ತದೆ. ಕೆಳಗೆ ಫಲಕ — "ಗುಂಡು ತಿಂದ ಟೋಪಿ. ತೊಟ್ಟವನು ಯಾರೆಂದು ತಿಳಿಯದು."

"ಹೇಗಿದೆ ಮಿಲೊಯ್ಕಾ ಅವ್ರೇ?"

"ಮೈ ಜುಮ್ ಅಂತು" ಅಂದೆ. ಸುಳ್ಳಲ್ಲ.

ಫಿರಂಗಿ ಗುಂಡುಗಳಿಗೆಲ್ಲ ಪಾಲಿಶ್ ಹಾಕಿ ನಿಲ್ಲಿಸಿದ್ದಾಯಿತು. ಮನೆಗೆ ಬಂದಾಗ ನನ್ನ ಕೈ ಮೂಸಿ ಅಪ್ಪ ಮುಖ ತಿರುಗಿಸಿದ. ನಾನು ಅಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದರೂ ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. ಅವನ ಅಣ್ಣ ಸ್ಟಾಂಕೊ ಸತ್ತದ್ದು ಅಂಥದೇ ಒಂದು ಗುಂಡಿನಿಂದ. ಯುದ್ಧದಲ್ಲಲ್ಲ, ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ. ಆಗೆಲ್ಲ ಗುಡ್ಡದ ಮೇಲೆ ಬಿದ್ದ ಕಬ್ಬಿಣ ಆರಿಸಿ ಮಾರಿಯೇ ಈ ಕಣಿವೆ ಉಂಡದ್ದು. ಅದಕ್ಕಿಂತ ಹೆಚ್ಚು ಅಪ್ಪ ಹೇಳಿಲ್ಲ, ನಾನು ಕೇಳಿಲ್ಲ.

ಏಪ್ರಿಲ್ 13

ಜನ ಬಂದರು. ಬೆಳಕು ಎದೆಗೆ ಬಿದ್ದದ್ದೇ ತಡ, ಮಾತು ನಿಂತುಹೋಗುತ್ತದೆ. ಒಬ್ಬ ದಪ್ಪ ಮನುಷ್ಯ, ಬಸ್ಸಿಳಿದಾಗಿನಿಂದ ಜೋಕು ಹೊಡೆಯುತ್ತಿದ್ದವನು, ಹ್ಯಾಟು ತೆಗೆದು ಎದೆಗೊತ್ತಿಕೊಂಡ.

ನನಗೆ ಪಿರೊಶ್ಕಾ ಅಮ್ಮನದೇ ಯೋಚನೆ. ಜೂನಿನಲ್ಲಿ ಬರುತ್ತಾರೆ. ದೇಶದ ಆ ತುದಿಯ ಲೆಂದಾವಾದಿಂದ, ಬಸ್ಸು ಬದಲಾಯಿಸಿಕೊಂಡು, ಎಂಬತ್ತರ ಮುದುಕಿ. ಹಂಗೇರಿಯವರು, ಆದರೆ ನಮ್ಮ ಭಾಷೆ ಸೊಗಸಾಗಿ ಆಡುತ್ತಾರೆ. ಅವರು ತೊಟ್ಟಿಲಲ್ಲಿದ್ದಾಗ ಅವರಪ್ಪ ಸೈನಿಕನಾಗಿ ಈ ಕಣಿವೆಗೆ ಬಂದು ಸತ್ತ. ಹೆಣವಿಲ್ಲ, ಗೋರಿಯಿಲ್ಲ. ಮೊದಲ ಸಲ ಬಂದಾಗ ಆ ಸಾಲಿನಲ್ಲಿ ತೂತಿದ್ದ ಟೋಪಿಯ ಮುಂದೆ ನಿಂತು, "ಇದೇ ನನ್ನಪ್ಪಂದು ಅಂತ ಇಟ್ಕೋತೀನಿ ಮಗಳೇ, ಯಾರಿಗೇನು ನಷ್ಟ?" ಅಂದಿದ್ದರು. ಅಂದಿನಿಂದ ಪ್ರತಿ ವರ್ಷ. ಒಳಗೆ ಬೆಂಕಿ ತರುವಂತಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಕೆಂಪು ಗಾಜಿನ ಮೇಣದಬತ್ತಿ ಹಚ್ಚಿಟ್ಟು, ನನಗೊಂದು ಗಸಗಸೆ ರೊಟ್ಟಿ ಕೊಟ್ಟು ಹೋಗುತ್ತಾರೆ. ಈ ಬೆಳಕು ನೋಡಿದರೆ ಏನಾಗುತ್ತಾರೋ.

ಏಪ್ರಿಲ್ 22

ಅಯ್ಯೋ ದೇವರೇ.

ಅಪ್ಪ ಚೀಸ್ ತರಲು ಡೇರಿಗೆ ಹೋಗಿದ್ದ. ಅಲ್ಲಿ ಗೋಡೆಗೆ ಮ್ಯೂಸಿಯಮ್ಮಿನ ಹೊಸ ಪೋಸ್ಟರು — ಟೋಪಿ, ತೂತು, ಬೆಳಕು. ಪೋಸ್ಟರನ್ನೇ ಕಿತ್ತುಕೊಂಡು ಮನೆಗೆ ಬಂದಿದ್ದಾನೆ. ಚೀಸ್ ಮರೆತು.

"ಇದು ನಮ್ಮ ಗಂಜಲದ ಸೌಟು ಕಣೇ!"

"ಯಾವ್ದು?"

"ಇದೇ! ಕೊಟ್ಟಿಗೆ ಗುಂಡಿಯಿಂದ ಗಂಜಲ ಮೊಗೀತಿದ್ದೆ ನೋಡು, ಉದ್ದ ಮರದ ಕಾವಿಂದು! ಈ ತಗ್ಗು ನೋಡು, ಲಿಸ್ಕಾ ಹಸು ತುಳಿದಿದ್ದು. ಗುಂಡೇಟಂತೆ, ಗುಂಡೇಟು! ಕಾವು ಕೂರ್ಸೋಕೆ ಕಮ್ಮಾರನ ಕುಲುಮೇಲಿ ಕಾಯ್ಸಿ ಹೊಡೆದ ತೂತು ಅದು. ತಿದಿ ಒತ್ತಿದ್ದೇ ನಾನು!"

ಕೂತುಬಿಟ್ಟೆ. ನೆನಪಿದೆ ನನಗೂ. ಆ ಸೌಟು ಆರು ವರ್ಷದ ಹಿಂದೆ ಕಾಣೆಯಾಯಿತು, ಬರೀ ಕಾವು ಕೊಟ್ಟಿಗೆ ಮೂಲೆಯಲ್ಲಿ ಉಳಿದಿತ್ತು. ಪಕ್ಕದ ಮನೆಯ ತ್ಸ್ವೇತೊ ಕದ್ದನೆಂದು ಅಪ್ಪ ಅವನ ಜೊತೆ ಮಾತು ಬಿಟ್ಟ. ಇನ್ನೊಂದೂ ನೆನಪಾಯಿತು. ಅದೇ ವರ್ಷ ಮ್ಯೂಸಿಯಮ್ಮಿನವರು ಮನೆಮನೆಯಿಂದ ಯುದ್ಧದ ಸಾಮಾನು ಕೇಳಿದ್ದರು. ಅಮ್ಮ ವಾರದ ನಡುವೆ ಚರ್ಚಿನ ಬಟ್ಟೆ ತೊಟ್ಟು, ಚೀಲ ಹಿಡಿದು ಹೊರಟಿದ್ದಳು. "ಏನೋ ಹಳೇ ಕಬ್ಬಿಣ ಕೊಟ್ ಬಂದೆ" ಅಂದಳು. ಹಿಂದಿನ ದಿನವೆಲ್ಲ ಹಿತ್ತಲಲ್ಲಿ ಬೂದಿ, ಮರಳು ಹಾಕಿ ಏನನ್ನೋ ತಿಕ್ಕುತ್ತಿದ್ದಳು.

ಪಾಪ ಅಮ್ಮ. ಗಂಜಲದ ಸೌಟನ್ನು ಸೌಟಾಗಿ ಕೊಡಲು ನಾಚಿಕೆ. ಕಾವು ಕಿತ್ತು, ವಾಸನೆ ಹೋಗುವಂತೆ ತೊಳೆದು, ಮದುವೆಗೆ ಕಳಿಸುವ ಹುಡುಗಿಯ ಹಾಗೆ ಸಿಂಗರಿಸಿ ಕೊಟ್ಟಿದ್ದಾಳೆ. ಈ ಕಣಿವೆಯ ಹೆಂಗಸರೆಲ್ಲ ಹೀಗೇ. ಡಾಕ್ಟರು ಬರುತ್ತಾರೆಂದರೆ ರೋಗಿಯನ್ನು ಎಬ್ಬಿಸಿ ಮನೆ ಗುಡಿಸುವವರು. ಅಮ್ಮ ಈಗಿಲ್ಲ, ಯಾರನ್ನು ಬೈಯೋಣ? ನಗು ಬಂತು. ಆಮೇಲೆ ಪಿರೊಶ್ಕಾ ಅಮ್ಮ ನೆನಪಾಗಿ ನಗು ನಿಂತಿತು.

ಏಪ್ರಿಲ್ 23

ಗೊರಾಜ್ದ್‌ಗೆ ಹೇಳಿದೆ. ಹೇಳದಿದ್ದರೆ ಅಪ್ಪನೇ ಬಂದು ಹೇಳುತ್ತಿದ್ದ. ಮುಖ ಸುಣ್ಣದ ಹಾಗಾಯಿತು. ಕಣಿವೆಯ ಗೋಡೆ ಗೋಡೆಯ ಮೇಲೂ ಆ ಪೋಸ್ಟರು.

"ಇವತ್ತೇ ಲೈಟು ತೆಗೆದು ಫಲಕ ಬದಲಾಯಿಸ್ತೀನಿ. ಗೊತ್ತಿದ್ದೂ ಸುಳ್ಳು ಹೇಳೋಕಾಗಲ್ಲ."

"ಜೂನ್ ತನಕ ಬಿಡಿ. ಪಿರೊಶ್ಕಾ ಅಮ್ಮನಿಗೆ ಅದು ಗೋರಿ ಇದ್ದ ಹಾಗೆ. ಬಂದವರು ಫಲಕದಲ್ಲಿ ಗಂಜಲ ಅಂತ ಓದ್ಬೇಕಾ?"

"ಯಾರಾದ್ರೂ ಹೇಳಲೇಬೇಕಲ್ಲ?"

"ನಾನು ಹೇಳ್ತೀನಿ. ಎದುರಿಗೆ ಕೂರ್ಸಿಕೊಂಡು."

ಒಪ್ಪಿದ. ಆದರೆ ಆ ಲೈಟಿನ ಕಡೆ ಇಡೀ ದಿನ ನೋಡಲೇ ಇಲ್ಲ. ಒಳ್ಳೆಯವನು ಪಾಪ. ನನಗೆ ಮಾತ್ರ ಹೇಳುವ ಮನಸ್ಸು ಒಂದಿಷ್ಟೂ ಇಲ್ಲ. ಜೂನ್ ಬರಲೇಬಾರದು ಅನ್ನಿಸುತ್ತಿದೆ.

ಮೇ 12

ಅಪ್ಪ ತ್ಸ್ವೇತೊನ ಮನೆಗೆ ಹೋದ. ಒಂದು ಬಾಟಲಿ ಪ್ಲಮ್ ಸಾರಾಯಿ ಹಿಡಿದು. "ಕಳ್ಳ ಅಂದಿದ್ನಲ್ಲ, ಅದು ವಾಪಸ್" ಅಂದನಂತೆ. ತ್ಸ್ವೇತೊ, "ಆರು ವರ್ಷದಿಂದ ಇಲ್ಲಿ ನೆಮ್ಮದಿಯಾಗಿತ್ತು, ಮತ್ತೆ ಬಂದ್ಯಾ?" ಅಂದನಂತೆ. ಸಂಜೆ ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಬಂದರು.

ಕುಡಿದದ್ದರಿಂದಲೋ ಏನೋ, ಅಪ್ಪ ಸ್ಟಾಂಕೊನ ಸುದ್ದಿ ತೆಗೆದ. ಟೋಪಿ ಗುಡ್ಡದಲ್ಲಿ ಸಿಕ್ಕಿದ್ದು ಸ್ಟಾಂಕೊಗೆ. ಮಾರಿದರೆ ಕಾಸು ಬರುತ್ತಿತ್ತು, ಆದರೆ ಅಜ್ಜಿ ಬಕೆಟ್ಟಿನಲ್ಲಿ ಗಂಜಲ ಎತ್ತಿ ಸೊಂಟ ನೋವೆನ್ನುತ್ತಿದ್ದಳು. ಅದಕ್ಕೆ ಸ್ಟಾಂಕೊ ಕಮ್ಮಾರನ ಹತ್ತಿರ ಹೋಗಿ ತಾನೇ ಸುತ್ತಿಗೆ ಹಿಡಿದು ತೂತು ಹೊಡೆದ, ಕಾವು ಕೂರಿಸಿದ. ಮುಂದಿನ ವಸಂತದಲ್ಲಿ, ಸಿಡಿಯದೆ ಉಳಿದಿದ್ದ ಒಂದು ಫಿರಂಗಿ ಗುಂಡಿನ ತಾಮ್ರದ ಪಟ್ಟಿ ಬಿಡಿಸಲು ಹೋದ, ಅದು ಸಿಡಿಯಿತು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

"ಅವ್ನ ಕೈಯಿಂದು ಅಂತ ಮನೇಲಿ ಉಳಿದಿದ್ದು ಅದೊಂದೇ. ನಿಮ್ಮಮ್ಮನಿಗೆ ನಾನು ಹೇಳಿದ್ದಿದ್ರೆ ಅವ್ಳು ಕೊಡ್ತಿರ್ಲಿಲ್ಲ. ನಾನೆಲ್ಲಿ ಹೇಳ್ದೆ?"

ಬೂಟು ಬಿಚ್ಚಿ ಮೂಲೆಗಿಟ್ಟ. ಆಮೇಲೆ, "ನಂಗದು ವಾಪಸ್ ಬೇಕು" ಅಂದ.

ಒಂದು ಟೋಪಿ, ಇಬ್ಬರು ಸತ್ತವರು. ಪಿರೊಶ್ಕಾ ಅಮ್ಮನ ವಿಷಯ ಹೇಳಿದೆ. ಕೇಳಿಸಿಕೊಂಡು ಎದ್ದುಹೋಗಿ ಮಲಗಿದ.

ಜೂನ್ 11, ಸಂಜೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಪಿರೊಶ್ಕಾ ಅಮ್ಮ ಮಧ್ಯಾಹ್ನದ ಬಸ್ಸಿಗೆ ಬಂದರು. ಅದೇ ಕಪ್ಪು ಕೋಟು, ಅದೇ ಗಸಗಸೆ ರೊಟ್ಟಿ. ಮೆಟ್ಟಿಲ ಮೇಲೆ ಬತ್ತಿ ಹಚ್ಚಿದರು. ಒಳಗೆ ಬಂದರು. ತೂತಿನ ಬೆಳಕು ಅವರ ಎದೆಗೆ ಬಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡರು.

ಈಗ ಹೇಳಬೇಕು, ಈಗ ಹೇಳಬೇಕು. "ಕಾಫಿ ಮಾಡ್ಲಾ ಅಮ್ಮ?" ಅಂದೆ. ಹೇಡಿ ನಾನು.

ಆಗ ಬಾಗಿಲು ತಳ್ಳಿಕೊಂಡು ಅಪ್ಪ! ಹೆಗಲ ಮೇಲೆ ಉದ್ದದ ಕಾವು. ಫಿರಂಗಿ ಗುಂಡುಗಳ ಸಾಲಿನ ಪಕ್ಕ, ಅತ್ತ ನೋಡದೆ, ನಡೆದು ಬಂದ. ಗೊರಾಜ್ದ್ ತನ್ನ ಕೋಣೆಯಿಂದ ಓಡಿ ಬಂದ.

ಅಪ್ಪ ಟೋಪಿ ತೆಗೆದ, ತನ್ನ ತಲೆಯದ್ದು.

"ನಾನು ಲುದ್ವಿಕ್. ಇವಳಪ್ಪ. ಅಮ್ಮ, ನಿಮ್ಗೊಂದು ಮಾತು ಹೇಳ್ಬೇಕು. ಬೈಯೋದಿದ್ರೆ ಆಮೇಲೆ ಬೈರಿ."

"ಹೇಳಪ್ಪ."

"ಆ ತೂತು ಗುಂಡಿಂದಲ್ಲ. ನಮ್ಮಣ್ಣ ಹೊಡ್ದಿದ್ದು, ಈ ಕಾವು ಕೂರ್ಸೋಕೆ. ನಾವು ಅದ್ರಲ್ಲಿ... ಹೇಗ್ ಹೇಳೋದು... ಕೊಟ್ಟಿಗೆ ಗಂಜಲ ಮೊಗೀತಿದ್ವಿ."

ಪಿರೊಶ್ಕಾ ಅಮ್ಮ ಬೆಂಚಿನ ಮೇಲೆ ಕೂತರು. ತೂತಿನ ಕಡೆ ಬೆರಳು ತೋರಿಸಿದರು.

"ಹಾಗಾದ್ರೆ ಇದ್ರೊಳಗೆ ಗುಂಡು ಹೋಗಿಲ್ವಾ?"

"ಇಲ್ಲಮ್ಮ."

"ನಿಜ ಹೇಳು."

"ನಾನೇ ತಿದಿ ಒತ್ತಿದ್ದು. ಸಿಕ್ಕಿದಾಗ ಎಲ್ಲೂ ತೂತಿರ್ಲಿಲ್ಲ."

ಅಳತೊಡಗಿದರು. ನೆಲ ಬಾಯಿಬಿಡಬಾರದೇ ಅಂದುಕೊಂಡೆ. ಅಪ್ಪನ ಮೇಲೆ ಕೆಂಡದಂಥ ಕೋಪ ಬಂತು. ಅವರು ನನ್ನ ಕೈ ಹಿಡಿದರು.

"ನಂಗೆ ಅಪ್ಪನ ಮುಖ ಗೊತ್ತಿಲ್ಲ ಮಗಳೇ. ಚಿಕ್ಕೋಳಿದ್ದಾಗ ಏನೋ ಒಂದು ಮುಖ ಮಾಡ್ಕೊಂಡಿದ್ದೆ, ಮೀಸೆ ಗೀಸೆ ಇಟ್ಟು. ಇದನ್ನ ನೋಡ್ದಾಗಿಂದ ಆ ಮುಖ ಹೋಯ್ತು. ಕಣ್ಮುಚ್ಚಿದ್ರೆ ಹಣೇಲಿ ತೂತು. ಬರೀ ತೂತು. ಆದ್ರೂ ಬರ್ತಿದ್ದೆ, ಬೇರೆಲ್ಲಿ ಹೋಗ್ಲಿ?"

ಗೊರಾಜ್ದ್ ಹೋಗಿ ಸ್ವಿಚ್ ಆರಿಸಿದ. ಟೋಪಿ ಒಮ್ಮೆಗೇ ಚಿಕ್ಕದಾಯಿತು. ಹಳೆಯ ಪಾತ್ರೆಯ ಹಾಗೆ.

ಅವರು ಮೂಗು ಒರೆಸಿಕೊಂಡು ಅಪ್ಪನ ಕಡೆ ತಿರುಗಿದರು. "ಆ ಗಂಜಲ ಹಾಕಿ ಏನ್ ಬೆಳೀತಿದ್ರಿ?"

"ಆಲೂಗಡ್ಡೆ. ಎಲೆಕೋಸು. ಹುಲ್ಲು."

"ಆಲೂಗಡ್ಡೆ ಚೆನ್ನಾಗ್ ಬರ್ತಿತ್ತಾ?"

"ಮುಷ್ಟಿ ಗಾತ್ರ!"

"ನನ್ನಪ್ಪ ಜಮೀನ್ದಾರರ ಎತ್ತು ಕಾಯ್ತಿದ್ದ. ಗುಂಡಿಗಿಂತ ಗಂಜಲದ ವಾಸನೇನೇ ಅವ್ನಿಗೆ ಚೆನ್ನಾಗ್ ಗೊತ್ತಿತ್ತು" ಅಂದವರೇ ನಕ್ಕರು. ಕಣ್ಣಲ್ಲಿ ನೀರು ಹಾಗೇ ಇತ್ತು. ಅಪ್ಪನೂ ನಕ್ಕ. ಗೊರಾಜ್ದ್ ನಗಬೇಕೋ ಬೇಡವೋ ತಿಳಿಯದೆ ನನ್ನನ್ನು ನೋಡಿದ.

ಆಮೇಲೆ ಕೇಳಿದರು, "ನಿಮ್ಮಣ್ಣ ಇದಾರಾ?"

ಅಪ್ಪ ಕಾವಿನ ಮೇಲೆ ಕೈ ಆಡಿಸುತ್ತ ಸ್ಟಾಂಕೊನ ಕಥೆ ಹೇಳಿದ. ನನಗೆ ಹೇಳದ್ದನ್ನೂ ಹೇಳಿದ. ಅಜ್ಜಿ ಹೆಣಕ್ಕೆ ಕಂಬಳಿ ಹೊದಿಸಿ ಯಾರಿಗೂ ನೋಡಲು ಬಿಡಲಿಲ್ಲವಂತೆ, ಅವನಿಗೂ. ಪಿರೊಶ್ಕಾ ಅಮ್ಮ ಕೇಳಿ, "ಹಾಗಾದ್ರೆ ನಿಮ್ಗೂ ಕೊನೇ ಮುಖ ಸಿಗ್ಲಿಲ್ಲ" ಅಂದರು. ಅಪ್ಪ ಹೌದೆಂದು ತಲೆಯಾಡಿಸಿದ. ಟೋಪಿ ವಾಪಸ್ ಬೇಕೆಂಬ ಮಾತು ಎತ್ತಲೇ ಇಲ್ಲ. ಕಾವನ್ನು ಶೋಕೇಸಿಗೆ ಒರಗಿಸಿಟ್ಟು ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದ.

ಜುಲೈ 30

ಬಹಳ ದಿನವಾಯಿತು ಬರೆದು. ಪ್ರವಾಸಿಗಳ ಗಲಾಟೆ.

ಟೋಪಿ ಈಗ ಕಾವಿನ ತುದಿಯಲ್ಲಿ, ಗೋಡೆಗೆ ಒರಗಿ ನಿಂತಿದೆ. ಗೊರಾಜ್ದ್ ತಾನೇ ಕೂರಿಸಿದ. ಫಲಕ ಹೊಸದು — "ಮೊದಲು ತೊಟ್ಟವನು ಸೈನಿಕ. ಸೌಟು ಮಾಡಿದವನು ಸ್ಟಾಂಕೊ. ತೊಳೆದು ಕೊಟ್ಟವಳು ಜೋರಾ." ಅಮ್ಮ ಅಲ್ಲಿ ತನ್ನ ಹೆಸರು ಓದಿದ್ದರೆ ನಾಚಿಕೆಯಿಂದ ಸತ್ತೇಹೋಗುತ್ತಿದ್ದಳು. ನನಗೆ ಮಾತ್ರ ದಿನಾ ಆ ಹೆಸರಿನ ಧೂಳು ಒರೆಸುವುದು ಇಷ್ಟ.

ಒಬ್ಬ ನಿವೃತ್ತ ಕರ್ನಲ್ ಬಂದು, ವೀರರಿಗೆ ಅವಮಾನ ಎಂದು ಕೂಗಾಡಿದ. ಅಪ್ಪ ಅಲ್ಲೇ ಇದ್ದ. ಈಗ ವಾರಕ್ಕೊಮ್ಮೆ ಬರುತ್ತಾನೆ, ಟಿಕೆಟ್ ಇಲ್ಲದೆ. "ಕರ್ನಲ್ ಸಾಹೇಬ್ರು ಆಲೂಗಡ್ಡೆ ತಿನ್ನಲ್ವಾ?" ಅಂದ. ಪಾಲಿಶ್ ಹಾಕಿದ ಗುಂಡುಗಳ ಕಡೆ ಮಾತ್ರ ಇನ್ನೂ ನೋಡುವುದಿಲ್ಲ.

ನವೆಂಬರ್ 1, ಸಂಜೆ ನಾಲ್ಕು. ಟಿಕೆಟ್ ಮೇಜು

ಸಕಲ ಸಂತರ ದಿನ. ಇಡೀ ಸ್ಮಶಾನ ದೀಪದಿಂದ ಕೆಂಪಾಗಿದೆ. ಅಮ್ಮನಿಗೆ, ಅಜ್ಜ ಅಜ್ಜಿಗೆ, ಸ್ಟಾಂಕೊಗೆ ಹಚ್ಚಿ ಬಂದೆವು. ಆದರೂ ಅಪ್ಪನ ಕೈಯಲ್ಲಿ ಎರಡು ಬತ್ತಿ ಉಳಿದಿದ್ದವು. ಮ್ಯೂಸಿಯಂ ಕಡೆ ನಡೆದ. ನಿನ್ನೆ ಪಿರೊಶ್ಕಾ ಅಮ್ಮ ಫೋನ್ ಮಾಡಿದ್ದರು. ಸೊಂಟ ಮುರಿದಿದೆ, ಇನ್ನು ಬಸ್ಸು ಹತ್ತುವುದಿಲ್ಲವಂತೆ. "ಮೆಟ್ಟಿಲ ಮೇಲೆ ನನ್ನ ಲೆಕ್ಕದಲ್ಲಿ ಒಂದು ಹಚ್ಚಿಬಿಡು ಮಗಳೇ. ಮುಖ ವಾಪಸ್ ಬಂದಿದೆ, ಮೀಸೆ ಸಮೇತ" ಅಂದರು.

ಅಪ್ಪ ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಒಳಗೇ ಹಚ್ಚಬೇಕಂತೆ, ಟೋಪಿಯ ಕೆಳಗೆ. ಒಳಗೆ ಬೆಂಕಿ ಕೂಡದು ಅಂದೆ. ಗೊರಾಜ್ದ್ ಕೋಟು ಹಾಕಿಕೊಂಡ. "ನಾನು ಸಿಗರೇಟು ಸೇದೋಕೆ ಹೊರಗೆ ಹೋಗ್ತೀನಿ. ನಾನೇನೂ ನೋಡಿಲ್ಲ." ಅವನು ಸಿಗರೇಟು ಸೇದುವವನೇ ಅಲ್ಲ.

ಅಪ್ಪ ಒಂದು ಚೀಟಿಯಲ್ಲಿ ಸ್ಟಾಂಕೊ ಎಂದು ಬರೆದು ಒಂದು ಬತ್ತಿಗೆ ಅಂಟಿಸಿದ. ಇನ್ನೊಂದು ಚೀಟಿ ಎತ್ತಿಕೊಂಡು ಕೇಳಿದ, "ಅವ್ರಪ್ಪನ ಹೆಸರೇನೇ?"

ಗೊತ್ತಿಲ್ಲ. ನಾಲ್ಕು ವರ್ಷ ಅವರ ರೊಟ್ಟಿ ತಿಂದಿದ್ದೇನೆ, ಒಮ್ಮೆಯೂ ಕೇಳಿಲ್ಲ. ಇಲ್ಲಿನ ಒಂದೊಂದು ಫಿರಂಗಿಗೂ ಹೆಸರು ಬರೆದಿಟ್ಟಿದ್ದೇವೆ. ಅವರು ಯಾವಾಗಲೂ ನನ್ನಪ್ಪ ಅನ್ನುತ್ತಿದ್ದರು, ನಮಗೂ ಅಷ್ಟೇ ಸಾಕಾಗಿತ್ತು. ನಾಚಿಕೆಯಾಗುತ್ತಿದೆ.

ಲೆಂದಾವಾಕ್ಕೆ ಫೋನ್ ಹಚ್ಚಿ ಕೂತಿದ್ದೇನೆ. ರಿಂಗ್ ಆಗುತ್ತಿದೆ. ಸೊಂಟ ಮುರಿದವರು, ನಿಧಾನ ಏಳುತ್ತಾರೆ. ಅಪ್ಪ ಪಕ್ಕದಲ್ಲೇ ನಿಂತು, ಚೀಟಿಗೆ ಬರೆಯಲು ನನ್ನ ಪೆನ್ನಿಗೆ ಕೈ ಚಾಚಿದ್ದಾನೆ, ಇರೋದು ಇದೊಂದೇ ಪೆನ್ನು, ತಾಳು ಅಪ್ಪ ಅಂದರೂ — ಎತ್ತಿದರು, ಅವರಪ್ಪನ ಹೆಸರು ಕೇಳಿದೆ, ಹೇಳುತ್ತಿದ್ದಾರೆ, ನನ್ನಪ್ಪ ಪೆನ್ನು ಕಿತ್ತುಕೊಳ್ಳುತ್ತಿದ್ದಾನೆ, ಆ ಸೈನಿಕನ ಹೆಸರು