ನಂಬರು ಅಂಟಿಸಿದ ಚಿಪ್ಪುಗಳು

ಮಾರ್ಚ್ 4

ಕಂಪ್ಯೂಟರಿನಲ್ಲಿ ಮಾಡೆಲ್ಲಿಗೆ ಮತ್ತೆ ರನ್ ಕೊಟ್ಟೆ. ಅದೇ ಉತ್ತರ. ಬೇಸಿಗೆಯಲ್ಲಿ ಅಣೆಕಟ್ಟಿನಿಂದ ನೀರು ಬಿಡದಿದ್ದರೂ ಹೊಳೆಯ ಕಪ್ಪೆಚಿಪ್ಪುಗಳು ಬದುಕುತ್ತವಂತೆ. ಹದಿನೈದಕ್ಕೆ ರಿಪೋರ್ಟ್ ಕೊಡಬೇಕು. ಅದನ್ನು ನೋಡಿಯೇ ನೀರು ಬಿಡುವುದೋ ಬೇಡವೋ ತೀರ್ಮಾನ.

ಬಾಸ್‌ಗೆ ಖುಷಿ. "ಒಳ್ಳೇ ಸುದ್ದಿ ಅಲ್ವೇನಮ್ಮ, ಮುಖ ಯಾಕೆ ಹಾಗೆ?" ನನ್ನ ಮುಖ ಇರುವುದೇ ಹಾಗೆ. ನಮ್ಮನೆಯವರು ತೀರಿಕೊಂಡ ಮೇಲೆ ಇನ್ನೂ ಸ್ವಲ್ಪ.

ಎಣಿಕೆಯೆಲ್ಲ ಇವರದೇ. ವರ್ಷಗಟ್ಟಲೆ ಹೊಳೆಗಿಳಿದು, ಚಿಪ್ಪಿಗೆ ನಂಬರು ಅಂಟಿಸಿ, ಅವನ್ನೇ ಮತ್ತೆ ಹುಡುಕಿ ಎಣಿಸಿದ್ದು. ನೂರಕ್ಕೆ ತೊಂಬತ್ತು ಬದುಕಿರುತ್ತಿದ್ದವು. ನನ್ನ ಮಾಡೆಲ್ ನಿಂತಿರುವುದೇ ಅದರ ಮೇಲೆ. ಗಂಡ ತಂದು ಹಾಕುತ್ತಾನೆ, ಹೆಂಡತಿ ಬೇಯಿಸುತ್ತಾಳೆ — ಆಫೀಸಿನವರ ತಮಾಷೆ.

ಮಾರ್ಚ್ 7

ಹೊಸ ಎಣಿಕೆ ಬಂತು. ಹೋದ ವರ್ಷ ಇವರಿಲ್ಲದ ಬೇಸಿಗೆ ಕಳೆದ ಮೇಲಿನ ಮೊದಲನೆಯದು. ನಂಬರಿನವು ಅರ್ಧಕ್ಕರ್ಧ ಸತ್ತಿವೆ. ತಪ್ಪು ಎಣಿಸಿದ್ದೀಯ ಎಂದು ಇವರ ಜಾಗಕ್ಕೆ ಬಂದ ಹುಡುಗಿಯ ಮೇಲೆ ರೇಗಿದೆ. ಪಾಪ, ಅತ್ತಳು.

ಮಾರ್ಚ್ 8

ನಾನೇ ಹೊಳೆಗೆ ಹೋದೆ. ಇವರ ಜೊತೆಗಿದ್ದ ದೋಣಿಯವನು ಹಗ್ಗ ಸುತ್ತುತ್ತಾ ಮಾತು ತಪ್ಪಿಸಿದ. ಗದರಿದೆ. ಬಾಯಿಬಿಟ್ಟ.

"ಆ ಹುಡುಗಿ ಎಣಿಕೆ ಸರಿಯಾಗೇ ಇದೆ ಮೇಡಂ. ನೀರು ಇಳಿದಾಗ ಸಾರ್ ಬರೋರು. ನಂಬರಿನವನ್ನ ಬಕೆಟ್ಟಿಗೆ ಹಾಕ್ಕೊಂಡು ಆಳದ ಗುಂಡಿಗೆ ಬಿಡೋರು. ಮಳೆ ಬಂದ್ಮೇಲೆ ವಾಪಸ್ ತಂದು ಇದ್ದಲ್ಲೇ ಊರೋರು."

"ನಂಬರಿನವನ್ನೇ ಯಾಕೆ?"

"ಗುರುತಿದ್ದಿದ್ದು ಅವೇ ತಾನೇ. ನಿಮಗೆ ಹೇಳ್ಬೇಡ ಅಂದಿದ್ರು. ಲೆಕ್ಕ ಕೆಡಿಸಿದೆ ಅಂತ ಬೈತಾಳೆ ಅಂತ."

ಬೈಯುತ್ತಿದ್ದೆ. ಖಂಡಿತ ಬೈಯುತ್ತಿದ್ದೆ. ದಡದಲ್ಲಿ ಕೂತು ಅತ್ತೆ.

ಮಾರ್ಚ್ 14

ಕಂಪ್ಯೂಟರ್ ಮುಟ್ಟಲಿಲ್ಲ. ಇಷ್ಟು ವರ್ಷ ಹೊಳೆಯ ಶಕ್ತಿ ಎಂದುಕೊಂಡದ್ದು ಇವರ ಕೈ. ಹುಚ್ಚು ಮನುಷ್ಯ. ಸಾಯುವುದನ್ನು ನೋಡಲಾಗದವರು ಎಣಿಸುವ ಕೆಲಸಕ್ಕೆ ಯಾಕೆ ಬರಬೇಕಿತ್ತು...

ಬಾಸ್‌ಗೆ ಹೇಳಿದೆ. "ಅವರ ಜೀವಮಾನದ ಕೆಲಸ ಸುಳ್ಳು ಅಂತ ನೀವೇ ಬರೀತೀರಾ?"

ಬರೆದರೆ ಇವರ ಹೆಸರಿಗೆ ಮಸಿ. ಬರೆಯದಿದ್ದರೆ ನೀರಿಲ್ಲ. ಇವರು ಮಗುವಿನಂತೆ ಎತ್ತಿಕೊಂಡು ಓಡಾಡಿದವು ಒಣಗಿ ಸಾಯುತ್ತವೆ.

ಮಾರ್ಚ್ 15, ಸಂಜೆ

ಇವರ ಎಣಿಕೆ ತೆಗೆದು, ಹೊಸದನ್ನು ಹಾಕಿ ರನ್ ಕೊಟ್ಟೆ. ಪರದೆಯ ಮೇಲಿನ ಗೆರೆ ಇಳಿಯುತ್ತಾ ಹೋಗಿ ಸೊನ್ನೆಗೆ ನಿಂತಿತು. ಬರೆದೆ: ನೀರು ಬಿಡಲೇಬೇಕು, ಹಳೆಯ ಎಣಿಕೆ ನಂಬುವಂತಿಲ್ಲ. ಎಣಿಸಿದವರ ಹೆಸರನ್ನೂ ಬರೆದೆ. ಕಳಿಸಿಯಾಯಿತು.

ಅಣೆಕಟ್ಟಿನವರು ಒಪ್ಪಿದರೂ ನೀರು ಬರುವುದು ಮೇ ತಿಂಗಳಿಗೆ. ಹೊಳೆ ಈಗಲೇ ಇಳಿಯುತ್ತಿದೆ.

ಬಚ್ಚಲಿನಲ್ಲಿ ಇವರ ನೀಲಿ ಬಕೆಟ್ ಇದೆ. ತಳದಲ್ಲಿ ಯಾವಾಗಲೂ ಮರಳು. ಅದಕ್ಕಾಗಿ ಎಷ್ಟು ಜಗಳವಾಡಿದ್ದೇನೆ. ತೊಳೆಯಲಿಲ್ಲ. ದೋಣಿಯವನಿಗೆ ಫೋನ್ ಮಾಡಿದೆ, ನಾಳೆ ಬರುತ್ತೇನೆ ಎಂದು. ಈ ಸಲ ನಂಬರಿಲ್ಲದವನ್ನೂ —