ಬಚ್ಚಲ ಮಣ್ಣಿನ ತಂತಿ

೧೨ ಏಪ್ರಿಲ್ ೧೯೪೩, ಸೋಮವಾರ. ಇಬ್ರಾಹಿಂಪುರ.

ಈ ಹಾಳು ರೇಡಿಯೋದ ಗುಂಯ್ ಸದ್ದು ನನಗೆ ಹುಚ್ಚು ಹಿಡಿಸುತ್ತದೆ. ಸಿಂಗಾಪುರದಲ್ಲಿ ಸೆರೆಸಿಕ್ಕ ನಮ್ಮ ಸಿಪಾಯಿಗಳ ಹೆಸರನ್ನು ಜಪಾನಿನವರು ರಾತ್ರಿ ಓದುತ್ತಾರೆ. ನನ್ನ ಮಗ ಗುರುಪಾದನ ಹೆಸರು ಬಂದರೆ ಅವನು ಬದುಕಿದ್ದಾನೆಂದು ಅರ್ಥ. ಆದರೆ ಆ ಸದ್ದಿನಲ್ಲಿ ಒಂದು ಹೆಸರೂ ತಿಳಿಯುವುದಿಲ್ಲ.

ಸ್ಟೇಷನ್ ರಸ್ತೆಯ ರಿಪೇರಿಯವನು, "ರೇಡಿಯೋದಿಂದ ನೆಲಕ್ಕ ಇಳಿಸೂ ಅರ್ಥಿಂಗ್ ತಂತಿ ಹಸಿ ಮಣ್ಣಾಗ ಇರ್ಬೇಕ್ರಿ, ಇಲ್ಲಾಂದ್ರ ಸದ್ದು ಹೋಗೂದಿಲ್ಲ" ಅಂದಿದ್ದ. ಅದಕ್ಕೇ ಬಚ್ಚಲ ನೀರು ಹರಿಯುವಲ್ಲಿ ಉಪ್ಪು, ಇದ್ದಿಲು ಹಾಕಿ ಹುಗಿದಿದ್ದೆ. ಈ ಬಿಸಿಲಿಗೆ ಮಣ್ಣು ಒಣಗಿರಬೇಕೆಂದು ದಿನಾ ಕೊಡಗಟ್ಟಲೆ ನೀರು ಸುರಿದೆ. ಇವತ್ತು ಸಿಟ್ಟಿಗೆದ್ದು ಅಗೆದರೆ ಒಳಗೆ ತಂತಿಯೇ ಇಲ್ಲ! ಯಾರೋ ಕಿತ್ತು ಹಂಡೆಯ ಹಿಂದೆ ಸಿಕ್ಕಿಸಿದ್ದರು.

ಕೇಳಿದರೆ, ಕಿತ್ತವಳು ನನ್ನ ಹೆಂಡತಿ ಶಂಕ್ರೆವ್ವ. ಗುರುಪಾದನ ಹೆತ್ತ ತಾಯಿ! ಬೈಯಲು ಬಾಯಿ ತೆರೆದೆ.

"ಸದ್ದಿದ್ರ ನಮಗ ಕೇಳ್ಸಲಿಲ್ಲ ಅಂತ ಅನ್ಕೋಬಹುದ್ರಿ. ಸಾಫ್ ಕೇಳಿಸಿ, ಅವನ ಹೆಸರ ಬರಲಿಲ್ಲಂದ್ರ ಏನ್ ಮಾಡೂದ್ರಿ?" ಅಂದಳು.

ಬೈಯದೆ ಬಂದು ಇದನ್ನು ಬರೆಯುತ್ತಿದ್ದೇನೆ. ತಂತಿ ಎಡಗೈಯಲ್ಲೇ ಇದೆ. ಹೆಸರು ಓದುವ ಹೊತ್ತಾಯಿತು. ಅದನ್ನು ಮತ್ತೆ ಹುಗಿಯಲು ಬಚ್ಚಲಿಗೆ ಇನ್ನೂ ಹೋಗಿಲ್ಲ.