ಎಡಗಡೆಯ ಬೆಟ್ಟ

ಮಂಗಳವಾರ, ಮಾರ್ಚ್ ೧೪

ಅಣ್ಣನಿಗೆ ಬಸ್ಸು ಓಡಿಸುವ ಕೆಲಸ ವಾಪಸು ಕೊಡಿ ಎಂಬ ಅರ್ಜಿಯನ್ನು ನಾಳೆ ಡಿಪೋದಲ್ಲಿ ಓದಬೇಕು. ಬರೆದವಳು ನಾನೇ. ‘ಕಣ್ಣಿನ ನೆಪ ಹೇಳಿ ದುಡಿಯುವವನನ್ನು ಮೂಲೆಗೆ ತಳ್ಳಿದ್ದೀರಿ’ ಅಂತ ಬೆಂಕಿ ಉಗುಳಿದ್ದೇನೆ.

ಸಂಜೆ ಅವನು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಿದ್ದ. ಕೆರಿಬಿಯನ್ ಸಮುದ್ರದ ಯಾವುದೋ ದ್ವೀಪ. ಕೆಳಗೆ ಮೈಲಿಗಟ್ಟಲೆ ಕಬ್ಬಿನ ಗದ್ದೆ, ಕಡಿಯುವ ಆಳು ಒಬ್ಬನೂ ಇಲ್ಲ.

“ಈ ಕಬ್ಬು ತಾನಾಗೇ ಕಡಿದುಕೊಳ್ಳುತ್ತೇನೋ?” ಅಂದೆ.

“ಇಲ್ಲೂ ಭಾಷಣ ಬಿಗೀಬೇಡ ಮಾರಾಯ್ತಿ, ಸುಮ್ನೆ ಸಮುದ್ರ ನೋಡು.”

ಸಮುದ್ರ ಚೆನ್ನಾಗಿಯೇ ಇತ್ತು.

ಇಳಿಯುವಾಗ ಎಡಗಡೆಯ ಬೆಟ್ಟಕ್ಕೆ ಗುದ್ದಿದ. ಮತ್ತೆ ಹಾರಿದ, ಮತ್ತೆ ಗುದ್ದಿದ. ಮೂರನೇ ಸಲವೂ ಅದೇ ಬೆಟ್ಟ.

“ಇದೆಲ್ಲಿತ್ತೇ? ಎಲ್ಲಾ ಕಂಪನಿಯವರ ಪಿತೂರಿ!” ಅಂತ ನಕ್ಕ. ನನ್ನಿಂದಲೇ ಕಲಿತ ಮಾತು.

ನನಗೆ ಬೆಟ್ಟ ಮೊದಲಿನಿಂದಲೂ ಕಾಣುತ್ತಿತ್ತು. ಅವನ ಎಡಕ್ಕೆ ನಿಂತು ಕೈ ಬೀಸಿದೆ. ತಿರುಗಿ ನೋಡಲಿಲ್ಲ.

ಬಸ್ಸಿನ ಬಾಗಿಲೂ ಎಡಗಡೆಗೇ. ಹತ್ತುವವರು, ಇಳಿಯುವವರು ಎಲ್ಲ ಆ ಕಡೆಯೇ.

‘ನೆಪ’ ಎಂಬ ಪದ ಹೊಡೆದುಹಾಕಿದೆ. ಆಮೇಲೆ ಇಡೀ ಅರ್ಜಿಯನ್ನೇ. ಡಿಪೋದಲ್ಲೇ ಬೇರೆ ಕೆಲಸ ಕೊಡಿ ಅಂತ ಹೊಸದಾಗಿ ಬರೆದಿದ್ದೇನೆ. ನಾಳೆ ಓದುವಾಗ ಅವನ ಎಡಗಡೆಗೇ ನಿಲ್ಲುತ್ತೇನೆ, ನನ್ನ ಮುಖ ಅವನಿಗೆ ಕಾಣದ ಹಾಗೆ. ಇಷ್ಟು ವರ್ಷ ಬೀದಿಯಲ್ಲಿ ಕೂಗಿದವಳು, ಅಣ್ಣನೆದುರು ನಿಂತು ‘ನಿನಗೆ ಎಡಗಡೆ ಕಾಣುತ್ತಿಲ್ಲ’ ಅಂತ ಮಾತ್ರ ಹೇಳಲಾರೆ.